ದಕ್ಕೆಯಿಂದ ಕಾವಲಿಗೆ

ಘಟ್ಟ ಇಳಿದು ಮಂಗಳೂರಿಗೆ ಬರುವ ನೆಂಟರು ಬಂದ ದಿನವೇ ಕೇಳುವ ಪ್ರಶ್ನೆಯೊಂದಿದೆ: ಸಮುದ್ರ ನೋಡ್ತಾ ಕೂತು ಮೀನು ತಿನ್ನೋ ಹೋಟೆಲ್ ಎಲ್ಲಿದೆ? ಊರಿನವರು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಪಣಂಬೂರು, ತಣ್ಣೀರುಬಾವಿ, ಸುರತ್ಕಲ್, ಉಳ್ಳಾಲ, ಸೋಮೇಶ್ವರ ಎಂದು ಕಡಲ ತೀರಗಳಿಗೆ ಇಲ್ಲಿ ಬರವಿಲ್ಲ. ಮೀನಿನ ಹೋಟೆಲುಗಳಿಗಂತೂ ಇಲ್ಲವೇ ಇಲ್ಲ. ಆದರೆ ಎರಡೂ ಒಂದೇ ಕಡೆ ಆಗಬೇಕೆಂದರೆ ಧೈರ್ಯವಾಗಿ ಹೇಳಲು ಹೆಸರು ಹೊಳೆಯುವುದಿಲ್ಲ. ಒಂದೆರಡು ರೆಸಾರ್ಟುಗಳು ಇವೆ, ಬೀಚಿನ ಬದಿಯಲ್ಲಿ ಮೀನು ಹುರಿದು ಕೊಡುವ ಗೂಡಂಗಡಿಗಳೂ ಇವೆ. ಅಲ್ಲಿಗೆ ಹೋಗಿ ಎನ್ನಲು ಮಾತ್ರ ನಾಲಿಗೆ ಏಳುವುದಿಲ್ಲ. ಕೊನೆಗೆ ಬರುವ ಉತ್ತರ, "ನೀವು ಬಂದರಿಗೆ ಹೋಗಿ ಮಾರಾಯ್ರೆ."

ಬಂದರಿನಲ್ಲಿ ಕಡಲು ಕಾಣುವುದಿಲ್ಲ. ಅಲ್ಲಿರುವುದು ಇಕ್ಕಟ್ಟಾದ ಬೀದಿಗಳು, ಕೊಬ್ಬರಿ ಅಡಿಕೆ ಸಾಂಬಾರ ಪದಾರ್ಥಗಳ ಹಳೆಯ ಗೋದಾಮುಗಳು, ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಹೋಗಲಾರದೆ ನಿಂತ ಲಾರಿಗಳು. ಅವುಗಳ ನಡುವೆ ಹಂಚಿನ ಮಾಡಿನ ಕಟ್ಟಡವೊಂದರ ಎದುರು ಮಧ್ಯಾಹ್ನ ಹನ್ನೆರಡೂವರೆಗೆ ಜನ ಸೇರಿದ್ದರೆ ಅದು ಮೀನಿನ ಊಟದ ಹೋಟೆಲು ಎಂದು ತಿಳಿಯಬಹುದು. ಬೋರ್ಡು ಓದುವ ಅಗತ್ಯ ಬೀಳುವುದಿಲ್ಲ, ಕಾದ ತೆಂಗಿನೆಣ್ಣೆಯ ಮೇಲೆ ಮೆಣಸಿನ ಮಸಾಲೆ ಬಿದ್ದ ವಾಸನೆ ಬೀದಿಯ ತಿರುವಿನಲ್ಲೇ ಸಿಗುತ್ತದೆ.

ಕರಾವಳಿಯವರಿಗೆ ಕಡಲು ಕೂತು ನೋಡುವ ವಸ್ತುವಾದದ್ದು ಈಚೆಗೆ. ಬಲೆ ಎಳೆಯುವ, ಮೀನು ಒಣಗಿಸುವ, ದೋಣಿಗೆ ಮೀನೆಣ್ಣೆ ಬಳಿಯುವ ಜಾಗದಲ್ಲಿ ಮೇಜು ಕುರ್ಚಿ ಹಾಕಿ ಉಣ್ಣಬೇಕೆಂದು ಹಿಂದಿನವರಿಗೆ ಹೊಳೆದಿರಲೂ ಇಲ್ಲ. ಈಗ ಭಾನುವಾರ ಸಂಜೆ ಪಣಂಬೂರಿನಲ್ಲಿ ಜಾತ್ರೆಯಷ್ಟು ಜನ ಸೇರುತ್ತಾರೆ ನಿಜ, ಆದರೆ ಅವರು ತಿನ್ನುವುದು ಚರುಮುರಿ, ಗೋಳಿಬಜೆ, ಐಸ್‌ಕ್ಯಾಂಡಿ. ಕುಡಿಯುವುದು ಬೊಂಡ. ಮಂಡಕ್ಕಿಗೆ ಹೆಚ್ಚಿದ ನೀರುಳ್ಳಿ, ಮಾವಿನಕಾಯಿ, ತುರಿದ ಕ್ಯಾರೆಟ್, ಮೆಣಸಿನ ಹುಡಿ ಹಾಕಿ ಮೇಲಿಂದ ಹಸಿ ತೆಂಗಿನೆಣ್ಣೆ ಸುರಿದು ಕಲಸಿದ ಚರುಮುರಿಗೆ ಕಡಲ ಗಾಳಿ ಚೆನ್ನಾಗಿ ಒಗ್ಗುತ್ತದೆ. ಮೀನಿನ ಊಟಕ್ಕೆ ಬೇಕಾದದ್ದು ಗಾಳಿಯಲ್ಲ, ಬೋಟುಗಳು ಮೀನು ಇಳಿಸುವ ದಕ್ಕೆಯ ಸಾಮೀಪ್ಯ. ಹೋಟೆಲು ದಕ್ಕೆಗೆ ಎಷ್ಟು ಹತ್ತಿರವೋ ಮೀನು ಅಷ್ಟು ಹೊಸತು.

ಭೂಪಟ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಉತ್ತರದಿಂದ ಬರುವ ಗುರುಪುರ ನದಿ, ಅಂದರೆ ಫಲ್ಗುಣಿ, ನೇರವಾಗಿ ಸಮುದ್ರಕ್ಕೆ ಬೀಳುವುದಿಲ್ಲ. ತೀರಕ್ಕೆ ಬಂದ ಮೇಲೆ ದಕ್ಷಿಣಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹರಿದು, ಅಳಿವೆ ಬಾಗಿಲಿನಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಹೊರಗೆ ಹೋಗುತ್ತದೆ. ನದಿಗೂ ಕಡಲಿಗೂ ನಡುವೆ ಉಳಿದ ಮರಳಿನ ನೀಳ ಪಟ್ಟಿಯೇ ಬೆಂಗ್ರೆ ಮತ್ತು ತಣ್ಣೀರುಬಾವಿ. ನದಿಯ ಈಚೆ ದಡದಲ್ಲಿ ಹಳೆ ಬಂದರು ಮತ್ತು ಮೀನುಗಾರಿಕೆಯ ದಕ್ಕೆ. ಟಿಪ್ಪು ಕಾಲದ ಕಾವಲು ಬುರುಜು ಇರುವ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ಆಚೆ ದಾಟಿದರೆ ಬೀಚು. ಊರು ಮತ್ತು ಕಡಲಿನ ನಡುವೆ ಹೀಗೆ ಒಂದು ಹೊಳೆ ಇರುವುದರಿಂದಲೇ ಇಲ್ಲಿ ಬಿರುಗಾಳಿ ಬಂದರೂ ಬೋಟುಗಳು ತಣ್ಣಗೆ ನಿಲ್ಲಬಲ್ಲವು. ದೊಡ್ಡ ಹಡಗುಗಳ ವ್ಯವಹಾರವೆಲ್ಲ 1975ರಲ್ಲಿ ಉದ್ಘಾಟನೆಯಾದ ಪಣಂಬೂರಿನ ನವಮಂಗಳೂರು ಬಂದರಿಗೆ ಹೋಯಿತು. ಹಳೆ ಬಂದರಿಗೆ ಉಳಿದದ್ದು ಲಕ್ಷದ್ವೀಪಕ್ಕೆ ತರಕಾರಿ, ಜಲ್ಲಿ, ಸಿಮೆಂಟು ಸಾಗಿಸುವ ಮಂಜಿಗಳು ಮತ್ತು ಮೀನು. ಊಟದ ದೃಷ್ಟಿಯಿಂದ ಇದರಲ್ಲಿ ನಷ್ಟವೇನೂ ಆಗಲಿಲ್ಲ.

ದಕ್ಕೆಯ ದಿನ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಬೋಟಿನಿಂದ ಇಳಿದ ಬುಟ್ಟಿ, ಕ್ರೇಟುಗಳ ಸುತ್ತ ಏಲಂ ಕೂಗುವವರು, ಕಮಿಷನ್ ಏಜೆಂಟರು, ಕೇರಳದ ಕಡೆ ಹೋಗುವ ಲಾರಿಯವರು, ಐಸು ಒಡೆಯುವ ಹುಡುಗರು, ತಲೆಹೊರೆಯಲ್ಲಿ ಮೀನು ಮಾರುವ ಹೆಂಗಸರು ಮುತ್ತಿಕೊಂಡಿರುತ್ತಾರೆ. ಈ ಗದ್ದಲದ ನಡುವೆ ಸದ್ದು ಮಾಡದೆ ಓಡಾಡುವ ಕೆಲವರು ಹೋಟೆಲಿನವರು. ಕಿವಿರು ಎತ್ತಿ ಕೆಂಪು ನೋಡುತ್ತಾರೆ, ಹೊಟ್ಟೆಯ ಮೇಲೆ ಬೆರಳೊತ್ತಿ ಗುಳಿ ಉಳಿಯಿತೇ ಎಂದು ನೋಡುತ್ತಾರೆ. ಒಳ್ಳೆಯ ಮೀನೂಟದ ಹೋಟೆಲಿನ ಧಣಿ ಗಲ್ಲೆಯ ಮೇಲೆ ಕೂರುವುದು ಮಧ್ಯಾಹ್ನ. ಅವನ ನಿಜವಾದ ಕೆಲಸ ಬೆಳಿಗ್ಗೆ ಏಳರೊಳಗೆ ಮುಗಿದಿರುತ್ತದೆ.

ಯಾವ ಬೋಟಿನ ಮೀನು ಎಂಬುದೂ ಮುಖ್ಯ. ಆಳ ಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ವಾರ, ಹತ್ತು ದಿನ ಕಡಲಲ್ಲೇ ಇದ್ದು ತಿರುಗಿ ಬರುತ್ತವೆ. ಅವು ತರುವ ಬೊಂಡಾಸು, ಪಾಂಬೋಲು, ಮದ್ಮಲುಗಳು ಅಷ್ಟು ದಿನವೂ ಐಸಿನಲ್ಲಿ ಮಲಗಿದವು. ಬಂಗುಡೆ, ಬೂತಾಯಿಯ ಹಿಂಡನ್ನು ಸುತ್ತುಬಲೆ ಹಾಕಿ ಹಿಡಿಯುವ ಪರ್ಸಿನ್ ಬೋಟುಗಳು ಸಾಮಾನ್ಯವಾಗಿ ಹೋದ ದಿನವೇ ಬರುತ್ತವೆ. ಹೊಳೆಬಾಯಿಯಲ್ಲಿ, ದಡದ ಹತ್ತಿರದ ನೀರಿನಲ್ಲಿ ಸಣ್ಣ ದೋಣಿಯವರು ಹಿಡಿಯುವ ಕಾಣೆ ಇವೆಲ್ಲಕ್ಕಿಂತ ಹೊಸತು, ಸಿಗುವುದು ಎಲ್ಲಕ್ಕಿಂತ ಕಡಿಮೆ. 1970ರ ದಶಕದ ನಡುವಿನವರೆಗೆ ಈ ತೀರದಲ್ಲಿ ರಂಪಣಿಯ ಕಾಲವಿತ್ತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ಆ ದೊಡ್ಡ ಬಲೆಯನ್ನು ಪರ್ಸಿನ್ ಬೋಟುಗಳು ಕೆಲವೇ ವರ್ಷಗಳಲ್ಲಿ ಮೂಲೆಗೆ ಸೇರಿಸಿದವು. ಆ ಕಥೆ ದೊಡ್ಡದು, ಜಗಳದ್ದು. ತಟ್ಟೆಯ ಮುಂದೆ ಕೂತವನಿಗೆ ಅದರಿಂದ ಉಳಿದದ್ದು ಇಷ್ಟೇ: ಬಂಗುಡೆ ಈಗ ಮೊದಲಿಗಿಂತ ದೂರದಿಂದ ಬರುತ್ತದೆ, ಆದರೂ ಅದೇ ದಿನ ಬರುತ್ತದೆ.

ಇಂಥ ಹೋಟೆಲಿನಲ್ಲಿ ಅಚ್ಚು ಹಾಕಿದ ಮೆನು ಇರುವುದಿಲ್ಲ, ಇದ್ದರೂ ಅದನ್ನು ಯಾರೂ ನಂಬುವುದಿಲ್ಲ. ಅಡುಗೆಮನೆ ಏನು ಮಾಡಬೇಕೆಂದು ದಕ್ಕೆ ಆಗಲೇ ತೀರ್ಮಾನಿಸಿ ಆಗಿರುತ್ತದೆ. ಅದನ್ನು ಗಿರಾಕಿಗೆ ತಲುಪಿಸುವುದು ಸಪ್ಲಾಯರನ ಬಾಯಿ. ಕೂತ ಕೂಡಲೇ ಮೊದಲ ಪ್ರಶ್ನೆ, "ಬೆಳ್ತಿಗೆಯಾ, ಕುಚ್ಚಲಾ?" ಅನ್ನ ಯಾವುದೆಂದು ಹೇಳಿ ಮುಗಿಸುವ ಮೊದಲೇ ಪಟ್ಟಿ ಶುರು: "ಬಂಗುಡೆ ಉಂಟು, ಬೂತಾಯಿ ಉಂಟು, ಅಂಜಲ್ ಪೀಸ್ ಉಂಟು, ಎಟ್ಟಿ ಸುಕ್ಕ, ಮರುವಾಯಿ ಸುಕ್ಕ, ಕಾಣೆ ಸ್ವಲ್ಪ ಉಂಟು, ಮಾಂಜಿ ಇವತ್ತು ಬರ್ಲಿಲ್ಲ." ಇದನ್ನು ಉಸಿರು ತೆಗೆಯದೆ ಹೇಳಲಾಗುತ್ತದೆ. ಹೊಸಬರು ಇನ್ನೊಮ್ಮೆ ಕೇಳುತ್ತಾರೆ, ಅವನು ಇನ್ನೊಮ್ಮೆ ಹೇಳುತ್ತಾನೆ, ಈ ಸಲ ಇನ್ನೂ ಬೇಗ. ಕೆಲವು ಕಡೆ ಮೀನುಗಳನ್ನು ಜೋಡಿಸಿದ ದೊಡ್ಡ ತಟ್ಟೆಯನ್ನೇ ಮೇಜಿನ ಬಳಿ ತಂದು ಹಿಡಿಯುತ್ತಾರೆ. ಬೆರಳು ತೋರಿಸಿದರೆ ಸಾಕು. ಭಾಷೆ ಬಾರದವನಿಗೂ, ಕಣ್ಣಲ್ಲಿ ಅಳತೆ ನೋಡಿಯೇ ಕೊಳ್ಳುವ ಊರವನಿಗೂ ಅದು ಅನುಕೂಲ.

ಊಟದ ತಟ್ಟೆ ಅಗ್ಗ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ, ಉಪ್ಪಿನಕಾಯಿ, ಹಪ್ಪಳ, ಕೊನೆಗೆ ತಿಳಿಸಾರೋ ಮಜ್ಜಿಗೆಯೋ ಪುನರ್ಪುಳಿಯೋ. ಅನ್ನ, ಸಾರು ಎಷ್ಟು ಸಲ ಕೇಳಿದರೂ ಬಡಿಸುವ ಕ್ರಮ ಹೆಚ್ಚಿನ ಕಡೆ ಇದೆ. ಸಾರಿನಲ್ಲಿ ಹೋಳು ಇರುತ್ತದೆ ಎಂದು ನಿರೀಕ್ಷಿಸಬಾರದು, ಇದ್ದರೆ ಅದೃಷ್ಟ. ಹೋಟೆಲು ಬದುಕುವುದು ಫ್ರೈಯಿಂದ. ಬಂದರಿನಲ್ಲಿ ಈ ವ್ಯವಸ್ಥೆ ಬೆಳೆದದ್ದಕ್ಕೆ ಕಾರಣ ಅಲ್ಲಿಯ ಗಿರಾಕಿಗಳು. ಮೂಟೆ ಹೊರುವವರಿಗೆ, ಲಾರಿ ಡ್ರೈವರುಗಳಿಗೆ, ಗೋದಾಮಿನ ರೈಟರುಗಳಿಗೆ ಹೊಟ್ಟೆ ತುಂಬ ಅನ್ನ ಸಾರು ಬೇಕಿತ್ತು. ಕೈಯಲ್ಲಿ ಕಾಸು ಆಡಿದ ದಿನ ಬದಿಗೆ ಒಂದು ಬಂಗುಡೆ. ಈಗಲೂ ಅದೇ ಮೇಜಿನಲ್ಲಿ ಕೂಲಿಯವನ ಎದುರು ಬ್ಯಾಂಕಿನ ಮ್ಯಾನೇಜರು ಕೂರುತ್ತಾನೆ, ಅವನ ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಕುಟುಂಬ. ಜಾಗ ಖಾಲಿಯಾದಲ್ಲಿ ಕೂರಬೇಕು, ಮೇಜು ಪೂರ್ತಿ ನಮಗೇ ಬೇಕು ಎನ್ನುವ ಹಾಗಿಲ್ಲ. ಉಂಡಾದ ಮೇಲೆ ಮಾತಾಡುತ್ತಾ ಕೂರುವುದಂತೂ ಅಪರಾಧ. ಬೆನ್ನ ಹಿಂದೆ ನಿಂತವರ ಉಸಿರು ಅದನ್ನು ನೆನಪಿಸುತ್ತಿರುತ್ತದೆ.

ಇನ್ನು ಫ್ರೈ. ಹೊರಗಿನವರು ಇದನ್ನು ಖಾರದ ಪದಾರ್ಥ ಎಂದುಕೊಳ್ಳುತ್ತಾರೆ. ಕೆಂಪು ಬಣ್ಣ ನೋಡಿ ಹೆದರುವವರೂ ಇದ್ದಾರೆ. ಆ ಕೆಂಪು ಬ್ಯಾಡಗಿ ಮೆಣಸಿನದ್ದು. ಅದು ಬಣ್ಣ ಕೊಡುವಷ್ಟು ಖಾರ ಕೊಡುವುದಿಲ್ಲ. ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿ, ಶುಂಠಿ, ಜೀರಿಗೆ, ಅರಸಿನ, ಉಪ್ಪು ಸೇರಿಸಿ, ನೀರು ಆದಷ್ಟು ಕಡಿಮೆ ಹಾಕಿ ಅರೆಯುತ್ತಾರೆ. ನೀರು ಹೆಚ್ಚಾದರೆ ಮಸಾಲೆ ಮೀನಿನ ಮೈಯಿಂದ ಜಾರಿ ಕಾವಲಿಯಲ್ಲಿ ಬೇರೆಯಾಗಿ ಸೀಯುತ್ತದೆ. ಬಂಗುಡೆಯ ಎರಡೂ ಮಗ್ಗುಲಲ್ಲಿ ಓರೆಯಾಗಿ ಗೀರು ಹಾಕಿ, ಗೀರಿನೊಳಗೂ ಹೊಟ್ಟೆಯೊಳಗೂ ಮಸಾಲೆ ತುಂಬಿ, ಕೆಲಹೊತ್ತು ಹಾಗೇ ಬಿಡಬೇಕು. ಉಪ್ಪು ಹುಳಿ ಮಾಂಸಕ್ಕೆ ಇಳಿಯಲು ಸಮಯ ಬೇಕು, ಆದರೆ ತುಂಬಾ ಹೊತ್ತು ಇಟ್ಟರೆ ಮಾಂಸ ಬಿಗಿದುಕೊಳ್ಳುತ್ತದೆ.

ದಪ್ಪ ಕಬ್ಬಿಣದ ಕಾವಲಿಯೊಂದು ಬೆಳಗ್ಗೆಯಿಂದ ಒಲೆಯ ಮೇಲೆಯೇ ಇರುತ್ತದೆ. ವರ್ಷಗಟ್ಟಲೆ ಎಣ್ಣೆ ಕುಡಿದು ಅದರ ಮೈ ಕಪ್ಪಾಗಿ ನಯವಾಗಿರುತ್ತದೆ, ಹಾಗಾಗಿಯೇ ಮೀನು ಅಂಟುವುದಿಲ್ಲ. ಕರಿಯುವಷ್ಟು ಎಣ್ಣೆ ಹಾಕುವುದಿಲ್ಲ, ಒಣಗಲೂ ಬಿಡುವುದಿಲ್ಲ. ಫ್ರೈ ಮಾಡುವವನ ಕೈಯ ಕುಶಲತೆ ಮಗುಚುವುದರಲ್ಲಿದೆ. ಅವಸರ ಮಾಡಿ ಸಟ್ಟುಗ ತೂರಿಸಿದರೆ ಮಸಾಲೆಯ ಪದರ ಕಾವಲಿಗೆ, ಬೋಳು ಮೀನು ತಟ್ಟೆಗೆ. ಹೊರ ಅಂಚು ಗಟ್ಟಿಯಾಗಿ ತಾನಾಗಿ ಬಿಟ್ಟುಕೊಳ್ಳುವವರೆಗೆ ಕಾದು, ಒಂದೇ ಒಂದು ಸಲ ಮಗುಚಿ, ಕರಿಬೇವು ಎರಚಿ ತೆಗೆಯಬೇಕು. ಮಧ್ಯಾಹ್ನದ ಹೊತ್ತಿನಲ್ಲಿ ಒಂದೇ ಕಾವಲಿಯ ಮೇಲೆ ಬಂಗುಡೆ, ಅಂಜಲ್ ಹೋಳು, ಕಾಣೆ ಎಲ್ಲವೂ ಇರುತ್ತವೆ, ಒಂದೊಂದರ ಬೇಯುವ ಹೊತ್ತು ಒಂದೊಂದು. ಆತ ಗಡಿಯಾರ ನೋಡುವುದಿಲ್ಲ, ಎಣ್ಣೆಯ ಸದ್ದು ಬದಲಾಗುವುದನ್ನು ಕೇಳುತ್ತಾನೆ. ಕಾಣೆ ತೆಳ್ಳಗಿನ, ಸಿಹಿಯಾದ ಮೀನು. ಅದಕ್ಕೆ ರವೆ ಹೊದಿಸಿ ಗರಿಗರಿಯಾಗಿ ಮಾಡಿದರೆ ಒಪ್ಪಿಕೊಳ್ಳಬಹುದು. ಬಂಗುಡೆಗೆ ರವಾ ಫ್ರೈ ಮಾಡಿಸುವವರೊಂದಿಗೆ ನನಗೆ ತಕರಾರಿದೆ. ಅದರ ಸ್ವಂತ ಎಣ್ಣೆಯೂ ಮಸಾಲೆಯೂ ಕೂಡಿಕೊಳ್ಳುವ ಜಾಗದಲ್ಲಿ ರವೆ ಹೋಗಿ ಕೂತುಬಿಡುತ್ತದೆ.

ಸಾರಿನ ವಿಷಯಕ್ಕೆ ಬಂದರೆ ಊರು ಒಂದೇ ಎನ್ನುವ ಹಾಗಿಲ್ಲ. ಮೊಗವೀರರ ಮನೆಯ ಸಾರು ಬೇರೆ, ಬಂಟರದ್ದು ಬೇರೆ, ಕೊಂಕಣಿಗರದ್ದು, ಬ್ಯಾರಿಗಳದ್ದು, ಕಥೋಲಿಕರದ್ದು ಬೇರೆ ಬೇರೆ. ಹೋಟೆಲಿನ ಧಣಿ ಯಾರ ಪೈಕಿ, ಒಳಗೆ ಅರೆಯುವ ಕೈ ಯಾರದ್ದು ಎಂಬುದರ ಮೇಲೆ ಸಾರಿನ ರುಚಿ ತಿರುಗುತ್ತದೆ. ಸಾಮಾನ್ಯವಾಗಿ ಹುರಿದ ಮೆಣಸು, ಕೊತ್ತಂಬರಿ, ಜೀರಿಗೆ, ಎಣಿಸಿ ಹಾಕುವ ಮೆಂತೆ, ಚಿಟಿಕೆ ಓಮ, ಬೆಳ್ಳುಳ್ಳಿ, ಹುಳಿ, ತೆಂಗಿನತುರಿ ಸೇರಿಸಿ ಗಂಧದ ಹಾಗೆ ನುಣ್ಣಗೆ ಅರೆಯುತ್ತಾರೆ. ತರಿ ಉಳಿದರೆ ಸಾರು ಅನ್ನದ ಮೇಲೆ ನಿಲ್ಲದೆ ನೀರು ಬೇರೆ, ಹಿಂಡಿ ಬೇರೆಯಾಗುತ್ತದೆ. ತೆಂಗಿನಕಾಯಿ ಇಲ್ಲದೆ ಬರೀ ಮೆಣಸು ಹುಳಿಯಲ್ಲಿ ಮಾಡುವ ಪುಳಿಮುಂಚಿಗೆ ಬೂತಾಯಿಯೇ ಸರಿಯಾದ ಜೋಡಿ. ಮಣ್ಣಿನ ಮಡಕೆಯಲ್ಲಿ ಮಾಡಿಟ್ಟರೆ ಮರುದಿನ ಅದರ ರುಚಿ ಏರುತ್ತದೆ. ಕೊಂಕಣಿ ಅಡುಗೆಯವರು ಬಂಗುಡೆಗೆ ತಿರ್ಫಲ ಜಜ್ಜಿ ಹಾಕುತ್ತಾರೆ, ಘಟ್ಟದ ಮೇಲಿನವರು ಅದನ್ನು ಜುಮ್ಮನಕಾಯಿ ಎನ್ನುತ್ತಾರೆ. ನಾಲಿಗೆಯನ್ನು ಸಣ್ಣಗೆ ಜುಮ್ಮೆನಿಸುವ ಅದರ ಪರಿಮಳ ಒಮ್ಮೆ ಹಿಡಿಸಿದರೆ ಅದಿಲ್ಲದ ಬಂಗುಡೆ ಸಾರು ಸಪ್ಪೆ ಎನಿಸುತ್ತದೆ. ಹುಳಿಯೂ ಕಾಲಕ್ಕೆ ತಕ್ಕಂತೆ: ಮಾವು ಬಿಡುವಾಗ ಮಾವಿನಕಾಯಿ, ಅಂಬಟೆ ಬಿಡುವಾಗ ಅಂಬಟೆ, ಹಿತ್ತಿಲಲ್ಲಿ ಬಿಂಬುಳಿ ಮರ ಇದ್ದವರಿಗೆ ಬಿಂಬುಳಿ. ಹೋಟೆಲಿಗೆ ಇಷ್ಟೆಲ್ಲ ತಾಪತ್ರಯ ಯಾಕೆಂದು ಹೆಚ್ಚಿನವರು ಹುಣಸೆಯಲ್ಲೇ ಸುಧಾರಿಸುತ್ತಾರೆ. ಅಪರೂಪಕ್ಕೆ ಸಾರಿನಲ್ಲಿ ಅಂಬಟೆಯ ಹೋಳು ಸಿಕ್ಕರೆ ಒಳಗಿರುವ ಅಡುಗೆಯವರು ಮನಸ್ಸಿಟ್ಟು ಕೆಲಸ ಮಾಡುವವರು ಎಂದು ತಿಳಿಯಬೇಕು.

ಹೊರಗಿನಿಂದ ಬಂದವರು ಬಹುತೇಕ ಅಂಜಲ್ ಕೇಳುತ್ತಾರೆ. ಮುಳ್ಳು ಕಡಿಮೆ, ಚಕ್ರದ ಹಾಗೆ ಕತ್ತರಿಸಿದ ಹೋಳು ನೋಡಲು ಚೆಂದ, ಮಕ್ಕಳೂ ತಿನ್ನುತ್ತಾರೆ. ಹೋಟೆಲಿನವರಿಗೂ ಖುಷಿಯೇ, ಅದರ ಬೆಲೆ ಹಾಗಿದೆ. ಆದರೆ ಆ ಬೆಲೆಗೆ ತಕ್ಕ ರುಚಿ ತಟ್ಟೆಗೆ ಬರುವುದು ಅಪರೂಪ. ಬೇಡಿಕೆ ಏರಿದ ಹಾಗೆ ಹೋಳು ತೆಳ್ಳಗಾಗಿದೆ, ತೆಳ್ಳಗಿನ ಹೋಳು ಕಾವಲಿಯಲ್ಲಿ ಬೇಗ ಒಣಗುತ್ತದೆ, ಮತ್ತು ಆ ಮೀನು ಐಸಿನಲ್ಲಿ ಎಷ್ಟು ದಿನ ಇತ್ತೆಂದು ಸಪ್ಲಾಯರನೂ ಹೇಳಲಾರ. ಇದೇ ಹಣಕ್ಕೆ ಬಂಗುಡೆಯೂ ಬೂತಾಯಿಯೂ ಎರಡೆರಡು ಬರುತ್ತವೆ. ಮುಳ್ಳು ಬಿಡಿಸಲು ಕಲಿಯಬೇಕು, ನಿಜ. ಬಂಗುಡೆಯದ್ದು ಸುಲಭ: ಬೆನ್ನಿನ ಗೆರೆಗುಂಟ ಬೆರಳಿನಿಂದ ಬಿಡಿಸಿದರೆ ಮೇಲಿನ ಮಾಂಸ ಒಂದೇ ತುಂಡಾಗಿ ಬರುತ್ತದೆ, ನಡುಮುಳ್ಳನ್ನು ಬಾಲದಿಂದ ಎತ್ತಿದರೆ ಕೆಳಗಿನದ್ದೂ ಸಲೀಸು. ಬೂತಾಯಿಗೆ ಆ ವಿಧಾನ ನಡೆಯದು. ಅಭ್ಯಾಸವಾದವರು ಸಣ್ಣ ಮುಳ್ಳುಗಳನ್ನು ಅಗಿದೇ ಬಿಡುತ್ತಾರೆ. ಪಕ್ಕದಲ್ಲಿ ಕೂತ ಊರವನ ಬೆರಳುಗಳನ್ನು ನೋಡಿ ಕಲಿಯುವುದು ಉತ್ತಮ. ಆತ ತಪ್ಪು ತಿಳಿಯುವುದಿಲ್ಲ, ಬೇಕಾದರೆ ತೋರಿಸಿಯೂ ಕೊಡುತ್ತಾನೆ.

ಬೂತಾಯಿಯ ಜಾತಕ ಮಾತ್ರ ವಿಚಿತ್ರ. ಬಡವರ ಮೀನು, ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದ ಮೀನು, ಮೀನೆಣ್ಣೆಯ ಕಾರ್ಖಾನೆಗಳಿಗೆ ಲಾರಿಗಟ್ಟಲೆ ಹೋಗುವ ಮೀನು. ಮಳೆಗಾಲದಲ್ಲಿ ಮೊಟ್ಟೆಯಿಟ್ಟು ಮುಗಿಸಿ ಮತ್ತೆ ಮೈತುಂಬಿಕೊಂಡ ಬೂತಾಯಿ ಅಕ್ಟೋಬರಿನಿಂದ ವರ್ಷದ ಕೊನೆಯವರೆಗೆ ಎಣ್ಣೆ ಒಸರುವಷ್ಟು ಕೊಬ್ಬಿರುತ್ತದೆ. ಕಾವಲಿಗೆ ಎಣ್ಣೆ ಸವರಿದಂತೆ ಮಾಡಿದರೂ ಸಾಕಾಗುತ್ತದೆ. ಆದರೆ ಅದು ಹೇಳದೆ ಕೇಳದೆ ಕಾಣೆಯಾಗುವ ಮೀನೂ ಹೌದು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2012ರಲ್ಲಿ ಪಕ್ಕದ ಕೇರಳಕ್ಕೆ ಸಿಕ್ಕ ಬೂತಾಯಿ ಸುಮಾರು 4 ಲಕ್ಷ ಟನ್. 2021ರಲ್ಲಿ ಅದು ಮೂರೂವರೆ ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಕಡಲಿನ ಬಿಸಿ, ಮೇಲೇಳುವ ನೀರಿನ ಪ್ರವಾಹ, ಮರಿಗಳನ್ನೂ ಬಿಡದ ಬಲೆ ಎಲ್ಲವೂ ಇದರಲ್ಲಿ ಸೇರಿವೆ. ಅಂಥ ವರ್ಷಗಳಲ್ಲಿ ಬೂತಾಯಿಯ ದರ ಬಂಗುಡೆಯನ್ನು ಮೀರಿದ್ದೂ ಉಂಟು, ಹೋಟೆಲಿನ ಪಟ್ಟಿಯಿಂದ ಅದರ ಹೆಸರು ವಾರಗಟ್ಟಲೆ ಮಾಯವಾದದ್ದೂ ಉಂಟು.

ಪ್ರತಿವರ್ಷ ತಪ್ಪದೆ ಬರುವ ಬರವೊಂದಿದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ ಅದು, ಕಡಲೂ ಒರಟು. ಬೋಟುಗಳು ದಕ್ಕೆಯಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ, ಹೊರ ರಾಜ್ಯಗಳ ಕೆಲಸಗಾರರು ಊರಿಗೆ ಹೋಗುತ್ತಾರೆ. ಹೋಟೆಲುಗಳಲ್ಲಿ ಕೆಲವು ಸುಣ್ಣ ಬಣ್ಣದ ನೆಪದಲ್ಲಿ ಬಾಗಿಲು ಹಾಕುತ್ತವೆ. ತೆರೆದಿಟ್ಟವರ ಪಾಡು ಲೆಕ್ಕಾಚಾರದ್ದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುವುದರಿಂದ ಜೂನ್ ಮೊದಲ ಎರಡು ವಾರ ಎರಡೂ ಕಡೆಯ ಬೋಟುಗಳಿಗೆ ಬೀಗ. ಆಮೇಲೆ ತಮಿಳುನಾಡಿನ ಕಡೆಯಿಂದ ಐಸಿನಲ್ಲಿ ಹೂತ ಮೀನು ಲಾರಿಯಲ್ಲಿ ಬರತೊಡಗುತ್ತದೆ. 10 ಅಶ್ವಶಕ್ತಿಯೊಳಗಿನ ಎಂಜಿನಿನ ನಾಡದೋಣಿಗಳಿಗೆ ಈ ನಿಷೇಧ ಅನ್ವಯಿಸದು. ಕಡಲು ಸ್ವಲ್ಪ ತಣಿದ ದಿನ ಅವರು ಹೋಗಿ ತಂದ ಮೀನಿಗೆ ಬಂಗಾರದ ಬೆಲೆ. ಉಳಿದಂತೆ ಹೊಳೆಮೀನು, ಮರುವಾಯಿ, ಮತ್ತು ಬೇಸಗೆಯಲ್ಲಿ ಒಣಗಿಸಿಟ್ಟ ಮೀನು. ಹೊರಗೆ ಮಳೆ ಹೊಡೆಯುವಾಗ ಕುಚ್ಚಲಕ್ಕಿ ಗಂಜಿಗೆ ಒಣ ಎಟ್ಟಿಯ, ಅಂದರೆ ಸಿಗಡಿಯ, ಚಟ್ನಿ ನೆಂಚಿಕೊಳ್ಳುವುದು ಮನೆಗಳಲ್ಲಿ ಈಗಲೂ ನಡೆಯುತ್ತದೆ. ಹೋಟೆಲುಗಳು ಇದನ್ನು ಧೈರ್ಯವಾಗಿ ಗಿರಾಕಿಯ ಮುಂದಿಡುವುದಿಲ್ಲ ಯಾಕೋ. ಬಡತನದ ಊಟ ಎಂಬ ಸಂಕೋಚ ಇರಬೇಕು. ಇಟ್ಟರೆ ಮಳೆಗಾಲದಲ್ಲಿ ಬರುವವರಿಗೆ ಹದಿನೈದು ದಿನದ ಅಂಜಲಿಗಿಂತ ಅದೇ ಮೇಲು.

ಆಗಸ್ಟಿನಲ್ಲಿ ನೂಲ ಹುಣ್ಣಿಮೆಯ ಹೊತ್ತಿಗೆ ಮೊಗವೀರರು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ದಕ್ಕೆ ಮತ್ತೆ ಗಲಗಲಿಸುತ್ತದೆ. ಆದರೆ ಅದೇ ಹೊತ್ತಿಗೆ ಶ್ರಾವಣ, ಚೌತಿ, ಅಷ್ಟಮಿ ಎಂದು ಹಿಂದೂಗಳಲ್ಲಿ ಅನೇಕರು ಮೀನು ಬಿಟ್ಟಿರುತ್ತಾರೆ. ಸೆಪ್ಟೆಂಬರ್ 8ರಂದು, ಮೇರಿ ಮಾತೆಯ ಜನ್ಮದಿನದ ಮೊಂತಿ ಹಬ್ಬಕ್ಕೆ, ಕಥೋಲಿಕರ ಮನೆಯಲ್ಲೂ ತರಕಾರಿಯ ಊಟವೇ. ಸೋಮವಾರ, ಶನಿವಾರಗಳಂದು ಬಂದರಿನ ಹೋಟೆಲುಗಳಲ್ಲಿ ಕುರ್ಚಿ ಬೇಗ ಸಿಗುವುದಕ್ಕೂ ಇಂಥದೇ ಕಾರಣ. ಹೊರಗಿನಿಂದ ಬರುವವರು ಇದನ್ನು ತಿಳಿದಿಟ್ಟುಕೊಂಡರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಉಡುಪಿ ಹೋಟೆಲಿನ ದಿಗ್ವಿಜಯದ ಕಥೆ ಎಲ್ಲರಿಗೂ ಗೊತ್ತು. ಇಡ್ಲಿ ದೋಸೆಗಳು ಹೊರಟ ಊರಿನಿಂದಲೇ ಮೀನಿನ ಊಟವೂ ಹೊರಟಿತ್ತು. ಮುಂಬಯಿಯ ಕೋಟೆ ಪ್ರದೇಶದ ಕಚೇರಿಗಳ ನಡುವೆ, ಊರಿನ ಸಾರು ಅನ್ನಕ್ಕೆ ಹಾತೊರೆಯುತ್ತಿದ್ದ ಕರಾವಳಿಯ ಗುಮಾಸ್ತರಿಗೂ ಕಾರ್ಮಿಕರಿಗೂ ಬಡಿಸಲು ಹುಟ್ಟಿಕೊಂಡವು ಲಂಚ್ ಹೋಮುಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲೇ ಮುಂಬಯಿಯಲ್ಲಿ ಸ್ಥಾಪನೆಯಾಗಿತ್ತು ಎಂದರೆ ಆ ಹೊತ್ತಿಗಾಗಲೇ ಅಲ್ಲಿ ನಮ್ಮವರು ಎಷ್ಟು ಮಂದಿ ಇದ್ದಿರಬೇಕೆಂದು ಊಹಿಸಬಹುದು. ಮಹೇಶ್ ಲಂಚ್ ಹೋಮ್, ಅಪೂರ್ವ, ತ್ರಿಷ್ಣಾಗಳು ಇಂದು ದೇಶ ವಿದೇಶದವರು ಹುಡುಕಿಕೊಂಡು ಹೋಗುವ ಹೆಸರುಗಳು. ತ್ರಿಷ್ಣಾದ ಬೆಣ್ಣೆ, ಕಾಳುಮೆಣಸು, ಬೆಳ್ಳುಳ್ಳಿಯ ಏಡಿಯನ್ನು ಬಂದರಿನ ಮಂದಿ ಕಂಡವರಲ್ಲ, ಅದು ಮುಂಬಯಿಯ ಗಿರಾಕಿಗಾಗಿ ಹುಟ್ಟಿದ್ದು. ಲಂಚ್ ಹೋಮ್ ಎಂಬ ಹೆಸರು ಮಾತ್ರ ಅಲ್ಲಿಂದ ತಿರುಗಿ ಊರಿಗೆ ಬಂದು ನೆಲೆಯೂರಿದೆ. ಕುಂದಾಪುರದ ಶೆಟ್ಟಿ ಲಂಚ್ ಹೋಮ್ ಕೋಳಿ ಘೀ ರೋಸ್ಟಿನ ಮೂಲಸ್ಥಾನವೆಂದು ಪ್ರಸಿದ್ಧ. ಆ ತುಪ್ಪದ ಮಸಾಲೆಯನ್ನು ಈಗ ಸಿಗಡಿಗೂ ಅಂಜಲಿಗೂ ಹಚ್ಚುತ್ತಿದ್ದಾರೆ. ಸಿಗಡಿಗಾದರೆ ಸರಿ. ಮೀನಿಗೆ ತುಪ್ಪ ಹಿಡಿಸುವುದಿಲ್ಲ ಎಂಬ ನನ್ನ ಹಟವನ್ನು ಹೊಸ ತಲೆಮಾರಿನವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಮಂಗಳೂರಿನೊಳಗೆ ಹೆಸರು ಹೇಳಬೇಕೆಂದರೆ ಬಂದರಿನ ನಾರಾಯಣ ಹೋಟೆಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇಕ್ಕಟ್ಟಾದ ಜಾಗ, ಹಳೆಯ ಬೆಂಚುಗಳು, ಯಾವ ಆಡಂಬರವೂ ಇಲ್ಲ, ತವಾ ಫ್ರೈಗಾಗಿ ಜನ ಮುಗಿಬೀಳುತ್ತಾರೆ. ಪೇಟೆಯೊಳಗೆ ಗಿರಿಮಂಜಾಸ್, ಮಚಲಿಗಳಿಗೂ ತಮ್ಮದೇ ಭಕ್ತರಿದ್ದಾರೆ. ಹವಾನಿಯಂತ್ರಿತ ದೊಡ್ಡ ಹೋಟೆಲುಗಳೂ ಈಗ ಬೇಕಷ್ಟಾಗಿವೆ. ಕುಟುಂಬದೊಂದಿಗೆ ನಿಧಾನವಾಗಿ ಉಣ್ಣಲು, ವಯಸ್ಸಾದವರನ್ನು ಕೂರಿಸಲು ಅವು ಅನುಕೂಲ ಎನ್ನುವುದನ್ನು ಒಪ್ಪಬೇಕು. ಅಲ್ಲಿ ಫೋಟೊ ಸಮೇತ ಮೆನು ಇರುತ್ತದೆ. ವರ್ಷದ ಯಾವ ದಿನ ಕೇಳಿದರೂ ಎಲ್ಲ ಮೀನೂ ಇರುತ್ತದೆ, ನನಗೆ ಅನುಮಾನ ಬರುವುದು ಅಲ್ಲಿಯೇ. ಜೂನ್ ಹತ್ತಕ್ಕೆ ಅಂಜಲ್ ಸಿಗುವ ಹೋಟೆಲಿನಲ್ಲಿ ಫ್ರೀಜರ್ ಎಷ್ಟು ದೊಡ್ಡದಿದೆ ಎಂದು ಕೇಳಬೇಕೆನಿಸುತ್ತದೆ. ಬಂದರಿನ ಸಪ್ಲಾಯರ್ "ಖಾಲಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿದಾಗ ಬೇಸರವಾಗುತ್ತದೆ, ಆದರೆ ಇದ್ದದ್ದು ಇವತ್ತಿನದ್ದೇ ಎಂದು ಧೈರ್ಯವೂ ಆಗುತ್ತದೆ. ಕಾಣೆ ಬೇಕಿದ್ದರೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಬೇಕು. ಎರಡೂವರೆಯ ಮೇಲೆ ಹೋದರೆ ಬಂಗುಡೆಯೂ ಆಣೆ ಹಾಕಿದರೂ ಸಿಗುವುದಿಲ್ಲ, ಕಾವಲಿ ತಿಕ್ಕುವ ಸದ್ದು ಕೇಳಿಸುತ್ತಿರುತ್ತದೆ. ರಾತ್ರಿಗೆ ಮೀನೂಟ ಹುಡುಕುವುದಕ್ಕಿಂತ ಕೋರಿ ರೊಟ್ಟಿಯೋ ನೀರುದೋಸೆ ಕೋಳಿ ಸುಕ್ಕವೋ ಸಿಗುವಲ್ಲಿಗೆ ಹೋಗುವುದು ಜಾಣತನ.

ಮೀನು ತಿಂದ ಮೇಲೆ ಹಾಲು ಮುಟ್ಟಬಾರದು ಎಂಬುದು ಕರಾವಳಿಯ ಹಿರಿಯರ ಕಟ್ಟಪ್ಪಣೆ. ಬಿಳಿ ಮಚ್ಚೆ ಬರುತ್ತದೆ ಎಂದು ಮಕ್ಕಳನ್ನು ಹೆದರಿಸಿ ಬೆಳೆಸಿದ್ದಾರೆ. ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವವರೇ ಮೀನಿನ ಹೋಟೆಲಿನಿಂದ ಹೊರಬಿದ್ದು, ಬೆರಳಲ್ಲಿ ಮಸಾಲೆಯ ವಾಸನೆ ಇರುವಾಗಲೇ, ನೇರ ಹಂಪನಕಟ್ಟೆಯ ಕಡೆ ನಡೆಯುತ್ತಾರೆ. ಪ್ರಭಾಕರ ಕಾಮತರು 1975ರಲ್ಲಿ ಶುರುಮಾಡಿದ ಐಡಿಯಲ್ ಐಸ್‌ಕ್ರೀಮ್ ಅಲ್ಲಿದೆ. ಉದ್ದನೆಯ ಗಾಜಿನ ಲೋಟದಲ್ಲಿ ಎರಡು ಮೂರು ಬಗೆಯ ಐಸ್‌ಕ್ರೀಮು, ನಡುವೆ ಜೆಲ್ಲಿ, ಹಣ್ಣು, ಒಣದ್ರಾಕ್ಷಿ ಗೋಡಂಬಿ ಪದರಪದರವಾಗಿ ತುಂಬಿದ ಗಡ್‌ಬಡ್ ತರಿಸಿಕೊಂಡು ತಳ ಕಾಣುವವರೆಗೆ ತಿನ್ನುತ್ತಾರೆ. ಇದು ಹಾಲಲ್ಲವೇ ಎಂದು ಕೇಳಿ ನೋಡಿ. "ಅದು ಹಾಲು ಮಾರಾಯ್ರೆ, ಇದು ಐಸ್‌ಕ್ರೀಮ್" ಎಂಬ ಉತ್ತರ ಬರುತ್ತದೆ, ಚಮಚ ಕೆಳಗಿಡದೆ.